ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಕಳೆದ ಮ್ಯಾಕರೋನಿ

ಎಸ್ತಾನ್ಸಿಯಾದ ಬಂದರಿನಲ್ಲಿ ನಾಳೆ ಬೆಳಿಗ್ಗೆ
ನಮ್ಮ ಹೊಸ ದೋಣಿ ನೀರಿಗಿಳಿಯುತ್ತದೆ.
ಅರವತ್ತು ಜನ ಅಂದುಕೊಂಡರೆ ತೊಂಬತ್ತು ಬರುತ್ತಾರೆ,
ಇದು ಅಮ್ಮನ ಲೆಕ್ಕ. ಹಾಗಾಗಿ ಐದು ಕಿಲೋ ಮ್ಯಾಕರೋನಿ,
ನಮ್ಮನ್ನೆಲ್ಲ ಮೀಯಿಸಿದ ನೀಲಿ ಬೇಸಿನ್ನು.

ಕುದಿವ ನೀರಿಗೆ ಸಮುದ್ರದಷ್ಟು ಉಪ್ಪು ಎಂದಳು.
ಬಾಗಿಲಲ್ಲೇ ಸಮುದ್ರ ಇರುವವರಿಗೆ ಈ ಅಳತೆ ಸುಲಭ.
ಒಂದನ್ನು ತೆಗೆದು ಕಚ್ಚಿ ನೋಡು,
ಹಲ್ಲಿಗೆ ಎದುರಾಡಬಾರದು;
ತಣ್ಣಗಾದ ಮೇಲೆ ಅದು ತಾನೇ ಬಿಗಿಯುತ್ತದೆ,
ನಿಮ್ಮಪ್ಪನ ಸಿಟ್ಟಿನ ಹಾಗೆ.

ಬಸಿದೆವು. ತಣ್ಣೀರು ಸುರಿದೆವು. ಚಾದರದ ಮೇಲೆ ಹರಡಿ
ರಟ್ಟಿನಿಂದ ಗಾಳಿ ಬೀಸಿದೆವು.
ಬೆಂದ ಕೋಳಿಯನ್ನು ಎಳೆ ಎಳೆ ಬಿಡಿಸಿದ್ದು ನಾನು.
ಕ್ಯಾರೆಟ್ಟು ಹೆಚ್ಚಿದ್ದು ಟಿಯಾ ಪುರಿಂಗ್,
ಹೆಚ್ಚುತ್ತ ಹೆಚ್ಚುತ್ತ ಮೂರು ಮನೆಯ ಸಂಸಾರವನ್ನೂ
ಸಣ್ಣಗೆ ಹೆಚ್ಚಿಟ್ಟಳು.
ಡಬ್ಬಿಯ ಅನಾನಸನ್ನು ಹಿಂಡಿಯೇ ಹಾಕಬೇಕು,
ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಎಲ್ಲ ನೀರು ನೀರು.
ಹಿಂಡಿದ ರಸಕ್ಕೆ ಮಕ್ಕಳು ಸರದಿ ನಿಂತರು.
ಚೀಸಿನ ಚೌಕ, ಮೇಯನೇಸು ನಾಲ್ಕು ಬಾಟಲಿ,
ಕ್ರೀಮು, ಆಮೇಲೆ ಗಟ್ಟಿ ಸಿಹಿಹಾಲು.
ಸಾಕು ಎನ್ನುವವರು ಒಬ್ಬರು, ಇನ್ನೂ ಸುರಿ ಎನ್ನುವವರು ನಾಲ್ವರು.
ಸಿಹಿಯ ವಿಷಯದಲ್ಲಿ ನಮ್ಮ ಓಣಿ ಎಂದೂ ಒಂದಾದದ್ದಿಲ್ಲ.

ಒಣದ್ರಾಕ್ಷಿಯ ಹೊತ್ತಿಗೆ ಅಮ್ಮ ಎಲ್ಲರನ್ನೂ ಸರಿಸಿದಳು.
ತಾನೇ ಹಾಕಿ, ತಾನೇ ಕಲಸಿ,
ಬೇಸಿನ್ನಿನ ಒಂದು ಅಂಚನ್ನು ಬಿಳಿಯಾಗಿಯೇ ಬಿಟ್ಟಳು,
ಒಂದು ತಟ್ಟೆಗಾಗುವಷ್ಟು.
ದ್ರಾಕ್ಷಿ ಆರಿಸಿ ತಟ್ಟೆಯ ಸುತ್ತ
ಇರುವೆಸಾಲು ಹೂಡುತ್ತಿದ್ದವನು ಜೊವೆನ್.
ಹಳೆಯ ದೋಣಿಯನ್ನು ಬಿರುಗಾಳಿ ಒಯ್ದ ರಾತ್ರಿ
ಅದನ್ನು ದಡಕ್ಕೆಳೆಯಬೇಕಾಗಿದ್ದವನು.
ಅಪ್ಪ ಆಡಿದ ಮಾತು ಒಂದೇ. ಅಣ್ಣ ಮನೆ ಬಿಟ್ಟ.
ನಾಲ್ಕು ವರ್ಷವಾಯಿತು, ನಡೆದರೆ ಹತ್ತು ನಿಮಿಷದ ದೂರ.

ಹನ್ನೊಂದಕ್ಕೆ ಕರೆಂಟು ಹೋಯಿತು.
ಫ್ರಿಜ್ಜು ನಿಟ್ಟುಸಿರುಬಿಟ್ಟು ಸುಮ್ಮನಾಯಿತು.
ಒಂದು ಗಂಟೆ ಕಾದೆವು. ಬೇಸಿನ್ನು ಬೆವರತೊಡಗಿತು.
ಬೆಳಗಿನವರೆಗೆ ಹುಳಿಯುತ್ತದೆ ಎಂದಳು ಟಿಯಾ ಪುರಿಂಗ್,
ಯಾರನ್ನೂ ನೋಡದೆ.
ಇಡೀ ಊರಿನಲ್ಲಿ ತಣ್ಣಗಿರುವುದು ಒಂದೇ ಜಾಗ,
ಬಂದರಿನ ಐಸ್ ಫ್ಯಾಕ್ಟರಿ.
ಅಲ್ಲಿ ರಾತ್ರಿಪಾಳಿ ಯಾರದೆಂದು
ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಪ್ಪ ಟಾರ್ಚು ಹುಡುಕಿದರು, ಬಹಳ ಹೊತ್ತು,
ಕೈಯಲ್ಲೇ ಇದ್ದ ಟಾರ್ಚನ್ನು.
ಬೇಸಿನ್ನಿಗೆ ಪ್ಲಾಸ್ಟಿಕ್ಕು ಬಿಗಿದು, ಮೇಲೆ ಬಟ್ಟೆ ಕಟ್ಟಿ
ಕೈಗಾಡಿಯಲ್ಲಿಟ್ಟು ತಳ್ಳಿಕೊಂಡು ಹೋದರು.
ಗಾಲಿಯ ಕಿರ್ರು ಮೀನುಪೇಟೆಯವರೆಗೂ ಕೇಳಿತು.

ಬರಿಗೈಯಲ್ಲಿ ಬಂದರು. ಚಪ್ಪಲಿ ಒದ್ದೆ.
ಏನೆಂದ ಎಂದಳು ಅಮ್ಮ.
'ಇಡಿ ಅಂದ.'
ಮತ್ತೆ?
'ಕೂಡಲು ಒಂದು ಕ್ರೇಟು ಕೊಟ್ಟ.'
ಅಷ್ಟಕ್ಕೆ ಎರಡು ತಾಸು ಹಿಡಿಯಿತೇ ಎಂದು
ಕೇಳಲು ಹೊರಟ ನನ್ನ ತೊಡೆಯನ್ನು
ಟಿಯಾ ಪುರಿಂಗ್ ಕತ್ತಲಲ್ಲೇ ಚಿವುಟಿದಳು.

ಬೆಳಿಗ್ಗೆ ಕೈಗಾಡಿ ಬಂತು, ತಳ್ಳುತ್ತ ಬಂದವನು
ಯಾರೋ ಹುಡುಗ, ಹೆಸರೂ ಗೊತ್ತಿಲ್ಲ.
ಬಂಗುಡೆ, ಕಣವೆ, ಮಂಜಿನ ಹಾಸಿಗೆಗಳ ನಡುವೆ
ಮಲಗಿ ಎದ್ದ ಬೇಸಿನ್ನು ಬೆರಳಿಗೆ ಅಂಟುವಷ್ಟು ತಣ್ಣಗಿತ್ತು.
ಬಟ್ಟೆಯ ಗಂಟು ಅಮ್ಮ ಹಾಕಿದ್ದಲ್ಲ.
ನಾವಿಕರು ಹಾಕುವ ಗಂಟು.

ಬಿಚ್ಚಿದೆವು.
ದ್ರಾಕ್ಷಿಯಿಲ್ಲದ ಅಂಚಿನಲ್ಲಿ
ಚಮಚ ಆಡಿದ ಗುಳಿ. ಒಂದಲ್ಲ, ಎರಡು;
ಒಂದು ಆಳ,
ಪಕ್ಕದಲ್ಲೇ ಇನ್ನೊಂದು, ಹೆದರಿ ಹೆದರಿ ತೆಗೆದಂಥದು.
ಅಪ್ಪನಿಗೆ ಮೇಯನೇಸು ಆಗದು.
ಇಡೀ ಮನೆಗೆ ಗೊತ್ತು.

ಮೊಟ್ಟೆ ಹೆಚ್ಚಿಟ್ಟು ಅಂದ ಮಾಡೋಣ, ಸಮ ಮಾಡೋಣ ಎಂದು
ಮುಂದಾದ ಟಿಯಾ ಪುರಿಂಗ್ ಕೈಗೆ
ಅಮ್ಮ ಸಟ್ಟುಗದಿಂದ ಒಂದು ಕೊಟ್ಟಳು.

ತಿಂದವರೆಲ್ಲ ಹಲ್ಲು ಜುಮ್ಮೆಂದಿತು ಎಂದರು.
ಕೊಳವೆಯೊಳಗೆ ಮಂಜಿನ ಹರಳು ಇನ್ನೂ ಇತ್ತು.
ತೊಂಬತ್ತಲ್ಲ, ನೂರಾ ಹದಿನಾಲ್ಕು ಜನ.
ದೋಣಿ ತಳ್ಳಲು ಹೆಗಲು ಕೊಟ್ಟವರನ್ನು
ಎಣಿಸುವ ಕೆಲಸ ನನ್ನದಾಗಿತ್ತು,
ಬೆನ್ನುಗಳನ್ನಷ್ಟೇ ಎಣಿಸಿದೆ.